ಬಸ್ಸು ತಿರುಗುವ ಜಾಗ

ಪಾರ್ಕಿನ ಹಳೇ ಪಂಪ್‌ಹೌಸಿನ ಹಿಂದೆ ಒಂದು ಪೊದೆ ಇತ್ತು. ಪೊದೆ ಎಂದರೆ ಒಂದೇ ಗಿಡವಲ್ಲ. ಬಳ್ಳಾರಿ ಜಾಲಿ, ಕವಳಿ, ಅವೆರಡರ ನೆತ್ತಿಯ ಮೇಲೂ ಹತ್ತಿ ಕೂತ ಯಾವುದೋ ಬಳ್ಳಿ, ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಒಳಗೇನಿದೆ ಎಂದು ಹೊರಗಿನವರಿಗೆ ತಿಳಿಯಗೊಡದೆ ನಿಂತಿದ್ದವು. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ವಾಕಿಂಗಿಗೆ ಬರುವವರು ಅದರ ಪಕ್ಕ ಬಂದಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ಅಲ್ಲಿ ಹಾವಿದೆ ಎಂದು ಎಲ್ಲರಿಗೂ ಗೊತ್ತಿತ್ತು; ಕಂಡವರು ಮಾತ್ರ ಯಾರೂ ಇರಲಿಲ್ಲ.

ಧಾರಿಣಿ ಮತ್ತು ಅವಳ ಮಗಳು ಹಂಸಿನಿ ಕಂಡದ್ದು ಕೆಂಬೂತವನ್ನು. ಕಾಗೆಯಷ್ಟೇ ಗಾತ್ರ, ಬಾಲ ಮಾತ್ರ ಉದ್ದ. ಇದ್ದಿಲಿನಂಥ ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಹಾರುವುದೆಂದರೆ ಅದಕ್ಕೆ ಬೇಸರ. ತಪಾಸಣೆಗೆ ಬಂದ ಸಾಹೇಬರ ಹಾಗೆ ಪೊದೆಯ ಬುಡದಲ್ಲಿ ನಿಧಾನಕ್ಕೆ ಅತ್ತಿತ್ತ ನಡೆದು, ಒಂದೆರಡು ಎಲೆ ಮಗುಚಿ ನೋಡಿ, ಒಳಗೆ ಹೋಗಿಬಿಡುತ್ತಿತ್ತು. ಆಮೇಲೆ ಒಳಗಿನಿಂದ ಆಳದ ದನಿಯಲ್ಲಿ ಹೂಪ್, ಹೂಪ್, ಹೂಪ್.

ತಿಪಟೂರಿನಲ್ಲಿ ಧಾರಿಣಿಯ ತಾಯಿ ವಿಮಲಾ ಪರೀಕ್ಷೆಯ ದಿನ ಮಕ್ಕಳನ್ನು ಬೇಲಿಯ ಕಡೆ ನಿಲ್ಲಿಸಿ, ಕೆಂಬೂತ ಕಣ್ಣಿಗೆ ಬೀಳುವ ತನಕ ಶಾಲೆಗೆ ಕಳಿಸುತ್ತಿರಲಿಲ್ಲ. ಅದನ್ನು ನೋಡಿ ಹೊರಟರೆ ಹೋದ ಕೆಲಸ ಆಗುತ್ತದೆ ಎಂಬುದು ಆಕೆಯ ನಂಬಿಕೆ. ಧಾರಿಣಿ ಇದನ್ನು ಮಗಳಿಗೆ ನಗುತ್ತಾ ಹೇಳಿದ್ದಳು. ಹಂಸಿನಿ ನಗಲಿಲ್ಲ. "ಸಚ್ಚೀ ಅಮ್ಮಾ? ಮ್ಯಾಥ್ಸ್‌ಗೂ ಆಗುತ್ತಾ?" ಎಂದು ಕೇಳಿದಳು. ಅಂದಿನಿಂದ ಭಾನುವಾರ ಬೆಳಿಗ್ಗೆ ಇಬ್ಬರೂ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರುವುದು ರೂಢಿಯಾಯಿತು. ಹಂಸಿನಿಯೇ ಒಂದು ಕಾನೂನು ಮಾಡಿದಳು: ಕೆಂಬೂತ ಬರುವ ಮೊದಲು ಯಾರು ಬಾಯಿ ಬಿಡುತ್ತಾರೋ ಅವರು ಸೋತ ಹಾಗೆ, ಮುಂದಿನ ಭಾನುವಾರ ನೀರಿನ ಬಾಟಲಿ, ಇನ್‌ಹೇಲರಿನ ಚೀಲ ಎರಡನ್ನೂ ಅವರೇ ಹೊರಬೇಕು.

ಇನ್‌ಹೇಲರಿನ ಚೀಲ ಎಂದೆನಲ್ಲ, ಹಂಸಿನಿಗೆ ಉಬ್ಬಸ. ಐದನೇ ಕ್ಲಾಸಿನ ಹುಡುಗಿಗೆ ದೆಹಲಿಯ ಚಳಿಗಾಲವೆಂದರೆ ಮುಚ್ಚಿದ ಕಿಟಕಿ. ವರ್ಷದಲ್ಲಿ ಅವಳಿಗೆ ದಕ್ಕುತ್ತಿದ್ದ ಹೊರಗು ಎಂದರೆ ಆ ಪಾರ್ಕು, ಪಾರ್ಕಿನೊಳಗೆ ಆ ಕಟ್ಟೆ, ಕಟ್ಟೆಯ ಮುಂದಿನ ಆ ಪೊದೆ, ಅಷ್ಟೇ.

ಧಾರಿಣಿ ಕಟ್ಟಡಗಳ ಇಲಾಖೆಯಲ್ಲಿ ಆರ್ಕಿಟೆಕ್ಟ್. ಹನ್ನೆರಡು ವರ್ಷದಿಂದ ಕ್ವಾರ್ಟರ್ಸು, ಕಾಂಪೌಂಡು, ಸೈಕಲ್ ಸ್ಟ್ಯಾಂಡು ಇವನ್ನೇ ಬರೆದು ಬರೆದು ಬೆರಳು ಮೊದ್ದಾಗಿದ್ದವಳಿಗೆ ಒಂದು ದಿನ ಒಂದು ಫೈಲು ಬಂತು. ಅದೇ ಪಾರ್ಕಿನಲ್ಲಿ ಶಾಲಾ ಮಕ್ಕಳಿಗಾಗಿ ಪ್ರಕೃತಿ ಶಿಕ್ಷಣ ಕೇಂದ್ರ ಕಟ್ಟಬೇಕಂತೆ. ಕರೆಂಟು, ನೀರು ಕಡಿಮೆ ಬಳಸುವಂಥದ್ದು, ಪರಿಸರಕ್ಕೆ ಭಾರವಾಗದಂಥದ್ದು. ಫೈಲನ್ನು ಬೇರೆಯವರು ಮುಟ್ಟುವ ಮೊದಲೇ ಅವಳು ತನ್ನ ಮೇಜಿಗೆ ಎಳೆದುಕೊಂಡಳು.

ಅವಳು ಬರೆದ ನಕ್ಷೆ ನೋಡಲು ಏನೂ ಅಲ್ಲ. ಪೊದೆಯ ಉದ್ದಕ್ಕೂ ಒಂದು ತಗ್ಗಾದ ಮಣ್ಣಿಟ್ಟಿಗೆಯ ಗೋಡೆ, ಹಿಂದೆ ಹುಲ್ಲಿನ ಮಾಡಿನ ಒಂದು ಉದ್ದನೆಯ ಪಡಸಾಲೆ. ಗೋಡೆಯಲ್ಲಿ ಅಲ್ಲಲ್ಲಿ ಕೈಯಗಲದ ಸೀಳುಗಳು, ಮಕ್ಕಳ ಕಣ್ಣಿನ ಎತ್ತರಕ್ಕೆ. ಮಕ್ಕಳು ಸಾಲಾಗಿ ನಿಂತು ಸೀಳಿಗೆ ಕಣ್ಣಿಟ್ಟರೆ ಆಚೆ ಪೊದೆ. ಪೊದೆಯೊಳಗಿನವರಿಗೆ ಈಚೆಯ ಮಕ್ಕಳು ಕಾಣುವುದಿಲ್ಲ. ಸೀಳು ಎಷ್ಟೆತ್ತರಕ್ಕಿರಬೇಕು ಎಂದು ತಿಳಿಯಲು ಅವಳು ಹಂಸಿನಿಯನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.

"ಅಮ್ಮಾ, ಝಾಡಿಯನ್ನ ಕಟ್ ಮಾಡ್ತಾರಾ?" ಹಂಸಿನಿ ಗೋಡೆಗೆ ಒರಗಿಕೊಂಡೇ ಕೇಳಿದಳು.

"ಹುಚ್ಚಿ. ಆ ಪೊದೆಗೋಸ್ಕರಾನೇ ಇದೆಲ್ಲ. ಅದಕ್ಕೇನೂ ಆಗಲ್ಲ."

"ಪಕ್ಕಾ?"

"ಪಕ್ಕಾ."

ಈ ಪಕ್ಕಾ ಎಂಬ ಮಾತು ಮುಂದೆ ಅವಳ ಗಂಟಲಿನಲ್ಲಿ ಮೀನಿನ ಮುಳ್ಳಾಯಿತು.

ನಕ್ಷೆ ಎಲ್ಲರಿಗೂ ಹಿಡಿಸಿತು. ಅದೇ ಮೊದಲ ಅಪಶಕುನ ಎನ್ನಬೇಕು. ಇಲಾಖೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಧಾರಿಣಿಯ ಮೇಲಿನ ಅಧಿಕಾರಿ ಚಂದ್ರಕಾಂತ ಸಿರುಗುಪ್ಪದ ಕಡೆಯವರು, ಕನ್ನಡಿಗರು ಸಿಕ್ಕರೆ ಮೀಟಿಂಗಿನ ನಡುವೆಯೇ ಕನ್ನಡಕ್ಕೆ ಹೊರಳುವವರು. ಅವರಂತೂ ನಕ್ಷೆಯ ಮೇಲೆ ಬಗ್ಗಿ, "ಏನಮ್ಮಾ ಧಾರಿಣಿ, ನಮ್ಮೂರಲ್ಲಿ ಈ ಜಾಲಿ ಕಂಡ್ರೆ ಕೊಡಲಿ ಹುಡುಕ್ತಾರೆ. ನೀನು ಅದಕ್ಕೊಂದು ಬಂಗಲೆ ಕಟ್ಟಿಸ್ತಾ ಇದೀಯಲ್ಲ!" ಎಂದು ನಕ್ಕು ಸಹಿ ಹಾಕಿದರು.

ಕಡೆಯ ಮೀಟಿಂಗಿಗೆ ಕೇಂದ್ರಕ್ಕೆ ಮಕ್ಕಳನ್ನು ಕಳಿಸಬೇಕಾದ ಶಾಲೆಗಳವರನ್ನೂ ಕರೆದಿದ್ದರು. ಶಾಲೆಗಳು ಒಪ್ಪಿದ ನಕ್ಷೆ ಮಾತ್ರ ನಡೆಯುತ್ತದೆ ಎಂಬುದು ಮೊದಲಿನ ಮಾತು. ಅವರ ಪರವಾಗಿ ಮಾತಾಡಿದವರು ಹಂಸಿನಿಯ ಶಾಲೆಯ ವೈಸ್ ಪ್ರಿನ್ಸಿಪಾಲ್ ಮಾಥುರ್ ಮೇಡಂ. ಬಿಳಿ ಕೂದಲು, ಮೆಲು ದನಿ, ಯಾರನ್ನೂ ನೋಯಿಸದ ಹೆಂಗಸು. ಗೋಡೆಯ ಸೀಳುಗಳನ್ನು ನೋಡಿ ಅವರ ಕಣ್ಣು ತುಂಬಿತು. "ಬಹುತ್ ಸುಂದರ್. ನಮ್ಮ ಮಕ್ಕಳು ಇಂಥದ್ದು ಎಲ್ಲಿ ನೋಡಬೇಕು ಹೇಳಿ," ಎಂದು ಹಿಂದಿಯಲ್ಲಿ ಹೇಳಿ, ಆಮೇಲೆ ನಕ್ಷೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು: "ಬಸ್ಸು ಎಲ್ಲಿ ತಿರುಗುತ್ತೆ?"

"ಬಸ್ಸು ಗೇಟಿನ ಹೊರಗೆ ನಿಲ್ಲುತ್ತೆ ಮೇಡಂ. ಮಕ್ಕಳು ನಡ್ಕೊಂಡು ಒಳಗೆ ಬರ್ತಾರೆ. ದಾರಿಯಲ್ಲೇ ನೋಡೋದಕ್ಕೆ ತುಂಬಾ ಇದೆ," ಎಂದಳು ಧಾರಿಣಿ.

ಮಾಥುರ್ ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆ ನೋಟದಲ್ಲಿ ಆಕ್ಷೇಪಣೆ ಇರಲಿಲ್ಲ, ಆಶ್ಚರ್ಯ ಇತ್ತು. "ಆದರೆ ಧಾರಿಣೀಜಿ, ಬಸ್ಸು ಗೇಟಿನ ಒಳಗೇ ಬರಬೇಕು, ರಿವರ್ಸ್ ತೆಗೆಯದೆ ತಿರುಗಿ ಹೋಗಬೇಕು ಅಂತ ಹೇಳಿದ್ದು ನೀವೇ ಅಲ್ಲವೇ?"

ಹೌದು. ಅವಳೇ.

ಹಿಂದಿನ ಜನವರಿಯ ಮಾತು; ನಕ್ಷೆ ಬರೆಯುವ ಹುರುಪಿನಲ್ಲಿ ಅದು ಅವಳಿಗೆ ನೆನಪೇ ಆಗಿರಲಿಲ್ಲ. ಚಾಚಿದ ಕೈ ಕಾಣದಂಥ ಮಂಜಿನ ಬೆಳಿಗ್ಗೆ ಶಾಲೆಯವರು ಮಕ್ಕಳನ್ನು ಮ್ಯೂಸಿಯಂ ನೋಡಲು ಕರೆದೊಯ್ದಿದ್ದರು. ಬಸ್ಸು ಮಕ್ಕಳನ್ನು ರಸ್ತೆಯ ಅಂಚಿಗೆ ಇಳಿಸಿ, ತಿರುಗಿ ನಿಲ್ಲಲು ಹಿಂದೆ ಹಿಂದೆ ಬಂತು. ಬಸ್ಸಿಗೆ ದಾರಿ ಬಿಡಲು ರಸ್ತೆಗಿಳಿದ ಶ್ರೇಯಸ್ ಎಂಬ ಹುಡುಗನಿಗೆ ಇ-ರಿಕ್ಷಾ ಬಡಿದು ಹೆಗಲ ಮೂಳೆ ಮುರಿಯಿತು. ಶ್ರೇಯಸ್ ಬೇರೆ ಯಾರೂ ಅಲ್ಲ, ಎದುರು ಬ್ಲಾಕಿನ ಸರಳಾಳ ಮಗ. ಮುಂದಿನ ವಾರದ ಪೋಷಕರ ಸಭೆಯಲ್ಲಿ ಸರಳಾ ಅಳುತ್ತಾ ಕೂತಿದ್ದಳು, ಬೇರೆಯವರು ಕೂಗಾಡುತ್ತಿದ್ದರು. ಆಗ ಧಾರಿಣಿ ಎದ್ದು ನಿಂತಳು. ಕೂಗಾಟದಿಂದ ಏನೂ ಆಗುವುದಿಲ್ಲ, ಅಳತೆಯ ಮಾತಾಡಬೇಕು ಎಂದು ಅವಳಿಗೆ ಗೊತ್ತಿತ್ತು. ಅದು ಅವಳ ಕಸುಬು. ಬಸ್ಸು ಗೇಟಿನ ಒಳಗೆ ಬರಬೇಕು. ಮಕ್ಕಳು ಇಳಿದ ಕಡೆ ಅದು ಹಿಂದಕ್ಕೆ ಒಂದಡಿಯೂ ಚಲಿಸಕೂಡದು. ಒಂದೇ ಸುತ್ತಿನಲ್ಲಿ ತಿರುಗಿ ಮುಂಭಾಗದಿಂದಲೇ ಹೊರಹೋಗಬೇಕು. ಅಂಥ ಜಾಗವಿಲ್ಲದ ಕಡೆಗೆ ನಮ್ಮ ಮಕ್ಕಳು ಹೋಗುವುದು ಬೇಡ. ಇಡೀ ಸಭೆ ಚಪ್ಪಾಳೆ ತಟ್ಟಿತು. ಸರಳಾ ಓಡಿಬಂದು ತಬ್ಬಿಕೊಂಡಳು. ಶಾಲೆ ಅದನ್ನು ನಿಯಮ ಮಾಡಿತು, ಆ ಶಾಲೆ ನೋಡಿ ಈ ಶಾಲೆ, ಸುತ್ತಲಿನ ಎಲ್ಲ ಶಾಲೆಗಳೂ ಮಾಡಿಕೊಂಡವು.

"ನಿಮ್ಮ ನಿಯಮದಿಂದ ಆಮೇಲೆ ಒಂದು ಮಗುವಿಗೂ ಪೆಟ್ಟಾಗಿಲ್ಲ," ಎಂದರು ಮಾಥುರ್ ಮೇಡಂ, ಮನಸಾರೆ.

ಧಾರಿಣಿ ನಕ್ಷೆಯನ್ನೇ ನೋಡುತ್ತಾ ಕೂತಳು. ದೊಡ್ಡ ಬಸ್ಸು ಹಿಂದಕ್ಕೆ ಸರಿಯದೆ ತಿರುಗಬೇಕಾದರೆ ಎಷ್ಟು ದೊಡ್ಡ ಸುತ್ತು ಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಸುತ್ತು ಪಾರ್ಕಿನಲ್ಲಿ ಎಲ್ಲಿ ಕೂರುತ್ತದೆ ಎಂದೂ ಹೇಳಬೇಕಾಗಿರಲಿಲ್ಲ. ಪಶ್ಚಿಮಕ್ಕೆ ಹಳೇ ಕಾಲದ ಗುಮ್ಮಟ. ಸಂರಕ್ಷಿತ ಸ್ಮಾರಕ, ಅದರ ಸುತ್ತ ಕಲ್ಲು ಕದಲಿಸುವಂತಿಲ್ಲ. ಉತ್ತರಕ್ಕೆ ನಾಲೆ. ದಕ್ಷಿಣಕ್ಕೆ ಹಿರಿಯ ನಾಗರಿಕರ ಲಾನು. ಉಳಿದದ್ದು ಪಂಪ್‌ಹೌಸಿನ ಹಿಂದು. ಅವಳ ತಲೆಯೊಳಗೆ ಬಸ್ಸು ಆಗಲೇ ಗೇಟಿನಿಂದ ಒಳಗೆ ಬಂದು, ನಿಧಾನಕ್ಕೆ ಎಡಕ್ಕೆ ವಾಲಿ, ಕವಳಿಯ ಮೇಲೆ, ಜಾಲಿಯ ಮೇಲೆ, ಒಂದು ಸುತ್ತು ಬಂದು ಹೋಯಿತು.

ಹೊರಗೆ ಕಾರಿಡಾರಿನಲ್ಲಿ ಅವಳು ಚಂದ್ರಕಾಂತರನ್ನು ತಡೆದು ನಿಲ್ಲಿಸಿದಳು.

"ಸರ್, ಚಿಕ್ಕ ವ್ಯಾನ್‌ಗಳಲ್ಲಿ ಕರ್ಕೊಂಡು ಬರಲಿ."

"ಶಾಲೆಯವರ ಹತ್ರ ಇರೋದು ದೊಡ್ಡ ಬಸ್ಸು. ನಿನಗೋಸ್ಕರ ಹೊಸದಾಗಿ ತಗೋತಾರಾ?"

"ಹಾಗಾದ್ರೆ ಕಟ್ಟಡ ಬೇಡ ಅಂತ ಬರೀತೀನಿ. ಡ್ರಾಪ್ ಮಾಡಿ ಸರ್. ಪೊದೆ ಇದ್ದ ಹಾಗೇ ಇರಲಿ."

ಚಂದ್ರಕಾಂತ ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವರ ಮುಖದಲ್ಲಿನ ತಮಾಷೆ ಇಳಿದಿತ್ತು. "ಧಾರಿಣಿ, ಕೇಳಮ್ಮ. ದುಡ್ಡು ಮಂಜೂರಾದ ಕೆಲಸ ಇದು, ಡ್ರಾಪ್ ಆಗಲ್ಲ. ನೀನು ಬಿಟ್ಟರೆ ಪಕ್ಕದ ಸೆಕ್ಷನ್ನಿಗೆ ಹೋಗುತ್ತೆ. ಅವರ ಹತ್ರ ಒಂದು ರೆಡಿ ನಕ್ಷೆ ಇದೆ, ಎಲ್ಲಾ ಪಾರ್ಕಿಗೂ ಅದೇ. ಎರಡಂತಸ್ತು, ಗಾಜು, ಎಸಿ, ಕೆಳಗೆ ಕ್ಯಾಂಟೀನು. ಪೊದೆ ಜಾಗದಲ್ಲಿ ಪಾರ್ಕಿಂಗು. ನೀನಿದ್ದರೆ ಮಣ್ಣಿನ ಗೋಡೆನಾದ್ರೂ ಉಳಿಯುತ್ತೆ."

"ಮರ ಕಡಿಯೋಕೆ ಪರ್ಮಿಷನ್ ಬೇಕಲ್ಲ ಸರ್? ಕೊಡದೇ ಇದ್ರೆ?"

"ಮರಕ್ಕೆ ಬೇಕು, ಪೊದೆಗೆ ಯಾರು ಕೇಳ್ತಾರೆ? ಇನ್ನು ಜಾಲಿ. ಅದು ಪರದೇಶದ ಗಿಡ, ಕಿತ್ತು ದೇಸಿ ಗಿಡ ನೆಟ್ಟರೆ ಮೇಲಿನವರು ಬೆನ್ನು ತಟ್ತಾರೆ." ಅವರು ಲೋಟ ಎತ್ತಿಕೊಂಡರು. "ನನಗೂ ಬೇಜಾರೇ ಕಣಮ್ಮ. ಆದರೆ ನನ್ನ ಕೈಯಲ್ಲೇನಿದೆ?"

ಉಳಿದ ದಾರಿ ಒಂದೇ, ಲಾನು. ಲಾನಿನ ಒಡೆಯರಲ್ಲದಿದ್ದರೂ ಒಡೆಯರ ಹಾಗೆ ಇದ್ದವರು ದಕ್ಷಿಣಾಮೂರ್ತಿ. ಯಾವುದೋ ಮಂತ್ರಾಲಯದಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾಗಿ, ಮಗನ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಪಾರ್ಕಿನ ನಗೆಕೂಟ ನಡೆಸುತ್ತಿದ್ದರು. ದಿನಾ ಬೆಳಿಗ್ಗೆ ಹತ್ತಿಪ್ಪತ್ತು ಮುದುಕರು ಕೈ ಮೇಲೆತ್ತಿ ಕಾರಣವಿಲ್ಲದೆ ಗಹಗಹಿಸುವ ಕೂಟ. ಧಾರಿಣಿ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಅವರ ಪಕ್ಕ ಕೂತಳು.

"ಮೂರ್ತಿ ಅಂಕಲ್, ಈ ಲಾನಿನಲ್ಲಿ ಒಂದು ಮೂಲೆ ಬಿಟ್ಟುಕೊಡ್ತೀರಾ? ಬಸ್ಸು ತಿರುಗೋಕೆ?"

"ಬಸ್ಸಾ? ಇಲ್ಲಿಗಾ? ಅಲ್ಲಮ್ಮಾ, ನಾವು ನಗೋದನ್ನ ನೋಡಿ ಡ್ರೈವರ್ ಎಲ್ಲಾದ್ರೂ ಗುದ್ದಿಬಿಟ್ಟಾನು!" ಅವರು ತಮ್ಮ ಮಾತಿಗೆ ತಾವೇ ನಕ್ಕರು. ಅವಳ ಮುಖ ನೋಡಿ ನಿಲ್ಲಿಸಿದರು. "ಏನು ವಿಷಯ?"

ಅವಳು ಹೇಳಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಆ ಹೂಪ್ ಹೂಪ್ ಅನ್ನೋದು ಅದೇನಾ? ನಾನು ಇಷ್ಟು ದಿನ ಯಾರೋ ಪ್ರಾಣಾಯಾಮ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ," ಎಂದರು. ಆಮೇಲೆ ಹುಲ್ಲಿನ ಗರಿಕೆಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಾ, "ನೋಡು, ಇಲ್ಲಿಗೆ ಬರೋರಲ್ಲಿ ಅರ್ಧ ಜನರಿಗೆ ಮನೆಯಲ್ಲಿ ಕೂರೋಕೆ ಒಂದು ಕುರ್ಚಿ ಜಾಗ ಇಲ್ಲ. ಸೊಸೆ ಮನೆಯಿಂದಲೇ ಆಫೀಸು ಕೆಲಸ ಮಾಡ್ತಾಳೆ, ಮೊಮ್ಮಗ ಆನ್‌ಲೈನ್ ಟ್ಯೂಷನ್ನು. ಈ ಲಾನ್ ಒಂದೇ ಇವರಿಗೆ. ಇದನ್ನ ಕೊಡಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ? ನಿನ್ನ ಹಕ್ಕಿಗೆ ಪೊದೆ ಬೇಕು, ಸರಿ. ನಾವೂ ಹಾರಲಾರದ ಹಕ್ಕಿಗಳೇ ತಾನೇ?"

ಧಾರಿಣಿಗೆ ಜಗಳವಾಡಲು ಯಾರಾದರೂ ಬೇಕಾಗಿತ್ತು. ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಸಾಕಾಗಿತ್ತು. ಸಿಕ್ಕಿದವರೆಲ್ಲ ಒಳ್ಳೆಯವರು, ಹೇಳಿದ್ದೆಲ್ಲ ಸರಿ.

ಸರಳಾಳ ಮನೆಗೆ ಅವಳು ಹೋಗಲೇ ಇಲ್ಲ. ಪೋಷಕರು ಒಪ್ಪಿದರೆ ಶಾಲೆ ನಿಯಮ ಸಡಿಲಿಸಬಹುದು ಎಂದು ಗಂಡ ಕಾರ್ತಿಕೇಯ ಹೇಳಿದಾಗ ಒಮ್ಮೆ ಎದುರು ಬ್ಲಾಕಿನ ಮೆಟ್ಟಿಲವರೆಗೆ ಹೋದಳು. ಶ್ರೇಯಸ್ ಮೆಟ್ಟಿಲ ಮೇಲೆ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು ಕ್ರಿಕೆಟ್ ಬಾಲನ್ನು ಗೋಡೆಗೆ ಎಸೆಯುತ್ತಿದ್ದ. "ನಮಸ್ತೆ ಆಂಟೀ! ಅಮ್ಮ ಮೇಲಿದ್ದಾರೆ" ಎಂದ. "ಇಲ್ಲ ಕಣೋ, ಸುಮ್ಮನೆ ಬಂದೆ" ಎಂದು ಹಿಂದಿರುಗಿದಳು.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಧಾರಿಣಿ ತಾನೇ ಆ ಸುತ್ತನ್ನು ಬರೆದಳು. ಎಷ್ಟು ಚಿಕ್ಕದು ಮಾಡಲು ಸಾಧ್ಯವೋ ಅಷ್ಟು ಚಿಕ್ಕದು ಮಾಡಿದಳು. ಕಂಪ್ಯೂಟರಿನಲ್ಲಿ ಬಸ್ಸನ್ನು ಓಡಿಸಿ ನೋಡಿದರೆ ಹಿಂದಿನ ಚಕ್ರ ಗೋಡೆಗೆ ತಾಗುತ್ತಿತ್ತು. ಮತ್ತೆ ದೊಡ್ಡದು ಮಾಡಿದಳು. ಕಡೆಗೆ ಸುತ್ತಿನ ನಡುವೆ ಬಸ್ಸು ತುಳಿಯದ ಒಂದು ದುಂಡನೆಯ ಜಾಗ ಉಳಿಯಿತು. ಅದರೊಳಗೆ ಪೊದೆಯ ತುಣುಕೊಂದನ್ನು ಹಸಿರು ಗೀಟುಗಳಲ್ಲಿ ಬರೆದಳು.

ಹಂಸಿನಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಯೇ ಗೋಲ್ ಕ್ಯಾ ಹೈ?"

"ಬಸ್ಸು ತಿರುಗೋಕೆ."

"ಔರ್ ಝಾಡೀ?"

"ಇಲ್ಲಿ, ಮಧ್ಯೆ ಇರುತ್ತೆ."

"ಇತ್ನೀ ಸೀ?" ಹಂಸಿನಿ ಬೆರಳ ತುದಿಯನ್ನು ಪರದೆಯ ಮೇಲಿಟ್ಟಳು. ಬೆರಳಿನ ಕೆಳಗೆ ಇಡೀ ಪೊದೆ ಮುಚ್ಚಿಹೋಯಿತು. "ಅದಕ್ಕೆ ಬಸ್ ಸೌಂಡ್ ಅಭ್ಯಾಸ ಆಗುತ್ತಾ ಅಮ್ಮಾ?"

"ಆಗುತ್ತೆ."

"ಪಕ್ಕಾ?"

ಧಾರಿಣಿ ಗಂಡನ ಕಡೆ ತಿರುಗಿದಳು. "ಕಾರ್ತೀ, ಸ್ವಲ್ಪ ಒಲೆ ಮೇಲಿನ ಹಾಲು ನೋಡು" ಎಂದಳು. ಒಲೆಯ ಮೇಲೆ ಹಾಲಿರಲಿಲ್ಲ. ಕಾರ್ತಿಕೇಯ ಅಡುಗೆಮನೆಗೆ ಹೋಗಿ ನೋಡಿ, ಹಾಲಿಟ್ಟ.

ಕೆಲಸ ದೀಪಾವಳಿಯ ನಂತರ ಶುರುವಾಗಬೇಕಿತ್ತು. ಅಷ್ಟರಲ್ಲಿ ಹೊಗೆ ಬಂತು. ಪ್ರತಿ ವರ್ಷದ ಹಾಗೆ ಆಕಾಶ ಕದಡಿದ ಚಹಾದ ಬಣ್ಣಕ್ಕೆ ತಿರುಗಿತು. ಗಾಳಿ ಕೆಟ್ಟಿದೆ ಎಂದು ಸರ್ಕಾರ ಕಟ್ಟಡ ಕೆಲಸಗಳಿಗೆಲ್ಲ ನಿಷೇಧ ಹಾಕಿತು. ಗುತ್ತಿಗೆದಾರನ ಜೆಸಿಬಿ ಯಂತ್ರ ಪಾರ್ಕಿನ ಗೇಟಿನ ಹೊರಗೆ ಟಾರ್ಪಾಲು ಹೊದ್ದು ನಿಂತಿತು. ಪೊದೆ ಉಳಿಯಿತು.

ಮನೆಯಲ್ಲಿ ಹಂಸಿನಿಯ ಎದೆ ಸಿಳ್ಳೆ ಹೊಡೆಯತೊಡಗಿತು. ಶಾಲೆಗೆ ರಜೆ. ಅವಳು ಮುಖಕ್ಕೆ ನೆಬ್ಯುಲೈಸರಿನ ಮಾಸ್ಕು ಹಿಡಿದುಕೊಂಡು ಸೋಫಾದ ಮೂಲೆಯಲ್ಲಿ ಕೂತಿರುತ್ತಿದ್ದಳು. ಯಂತ್ರ ಗುರ್ ಎನ್ನುತ್ತಿತ್ತು, ಮಾಸ್ಕಿನ ಸಂದಿಯಿಂದ ಆವಿ ಹೊಗೆಯಾಡುತ್ತಿತ್ತು. ಕಾರ್ತಿಕೇಯ ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಗಾಳಿಯ ಲೆಕ್ಕ ನೋಡಿ, "ಇವತ್ತೂ ಸಿವಿಯರ್" ಎನ್ನುತ್ತಿದ್ದ. ಧಾರಿಣಿಯ ಎದೆಯಲ್ಲಿ ಏನೋ ಹಗುರವಾಗುತ್ತಿತ್ತು. ಆ ಹಗುರ ಏಕೆಂದು ತಿಳಿದ ಮರುಕ್ಷಣ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಗಾಳಿ ಶುದ್ಧವಾದರೆ ಮಗಳು ಉಸಿರಾಡುತ್ತಾಳೆ, ಪೊದೆ ಹೋಗುತ್ತದೆ. ಗಾಳಿ ಕೆಟ್ಟರೆ ಪೊದೆ ಇರುತ್ತದೆ, ಮಗಳು ಹೀಗೆ ಕೂತಿರುತ್ತಾಳೆ. ದೇವರ ಮುಂದೆ ದೀಪ ಹಚ್ಚಿ ನಿಂತರೆ ಏನು ಬೇಡಿಕೊಳ್ಳಬೇಕೆಂದೇ ಬಗೆಹರಿಯುತ್ತಿರಲಿಲ್ಲ. ಕೈ ಮುಗಿದು, ಏನನ್ನೂ ಕೇಳದೆ, ಬತ್ತಿ ಸರಿಮಾಡಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಹಂಸಿನಿ ಮಾಸ್ಕು ಸರಿಸಿ, "ಅಮ್ಮಾ, ಅದು ಮಾಸ್ಕ್ ಇಲ್ದೆ ಹೇಗೆ ಇರುತ್ತೆ?" ಎಂದು ಕೇಳಿದಳು.

"ಯಾವುದು?"

"ಕೆಂಬೂತ."

"ಅದು ಪೊದೆ ಒಳಗೆ ಇರುತ್ತಲ್ಲ ಪುಟ್ಟಾ. ಎಲೆಗಳು ಧೂಳೆಲ್ಲ ಹಿಡಿದುಬಿಡ್ತವೆ. ಮಾಸ್ಕ್ ಹಾಕ್ಕೋ."

ಡಿಸೆಂಬರಿನಲ್ಲಿ ಎರಡು ದಿನ ಜೋರು ಗಾಳಿ ಬೀಸಿತು. ಗುಮ್ಮಟದ ತುದಿ ಕಾಣಿಸಿತು. ಹಂಸಿನಿ ಶಾಲೆಗೆ ಹೋದಳು. ನಿಷೇಧ ತೆರವಾಯಿತು.

ಧಾರಿಣಿ ಕೈಲಾದದ್ದು ಒಂದು ಮಾಡಿದಳು. ಗುತ್ತಿಗೆದಾರನ ಸೂಪರ್‌ವೈಸರನ್ನು ಕರೆದು, ಪಂಪ್‌ಹೌಸಿನ ಕಡೆಯಿಂದ ಶುರುಮಾಡಿ ನಿಧಾನಕ್ಕೆ ನಾಲೆಯ ಕಡೆಗೆ ಹೋಗಿ, ಒಳಗಿರುವ ಜೀವಗಳು ನಾಲೆಯ ದಂಡೆಗೆ ಸರಿದುಕೊಳ್ಳುತ್ತವೆ, ಅಲ್ಲಿ ಒಂದಿಷ್ಟು ಜೊಂಡಾದರೂ ಇದೆ ಎಂದು ಬಿಡಿಸಿ ಹೇಳಿದಳು. ಅವನು "ಬಿಲ್ಕುಲ್ ಮೇಡಂ" ಎಂದ. ಆ ಬೆಳಿಗ್ಗೆ ತಾನೇ ನಿಂತು ನೋಡಬೇಕೆಂದು ಹೊರಟವಳಿಗೆ ಚಂದ್ರಕಾಂತರ ಫೋನು: ಕೇಂದ್ರದೊಳಗೆ ಹಾಕುವ ಫಲಕಗಳನ್ನು ಈಗಲೇ ಒಪ್ಪಿಸಬೇಕು, ಮೇಲಿನವರು ಬಂದು ಕೂತಿದ್ದಾರೆ, ಬೇಗ ಬಾ.

ಮೇಜಿನ ಮೇಲೆ ಫಲಕಗಳನ್ನು ಸಾಲಾಗಿ ಹರಡಿದ್ದರು. 'ಇಲ್ಲಿ ಕಾಣುವ ಹಕ್ಕಿಗಳು' ಎಂದು ಹಿಂದಿಯಲ್ಲಿ ತಲೆಬರಹ. ಒಬ್ಬ ಹಿರಿಯ ಅಧಿಕಾರಿ ಕೆಂಬೂತದ ಚಿತ್ರ ತೋರಿಸಿ, "ಇದರ ರೆಕ್ಕೆ ಇನ್ನೂ ಸ್ವಲ್ಪ ಕೆಂಪಾಗಿದ್ದರೆ ಮಕ್ಕಳಿಗೆ ಇಷ್ಟವಾಗುತ್ತೆ, ಅಲ್ಲವೇ?" ಎಂದು ಕೇಳುತ್ತಿದ್ದಾಗ ಧಾರಿಣಿಯ ಫೋನು ಅದುರಿತು. ದಕ್ಷಿಣಾಮೂರ್ತಿ. ಅವಳು ಬಾಗಿಲಾಚೆ ಹೋಗಿ ಎತ್ತಿಕೊಂಡಳು.

"ಧಾರಿಣಿ, ನಿನ್ನ ಹಕ್ಕಿ ನಮ್ಮ ಲಾನ್ ಮೇಲೆ ಬಂದುಬಿಟ್ಟಿದೆ ಕಣಮ್ಮಾ!" ಪಿಸುಮಾತು. ಆದರೂ ಹಿಂದಿನಿಂದ ಜೆಸಿಬಿಯ ಮೊರೆತ ಕೇಳುತ್ತಿತ್ತು.

"ಲಾನಿಗಾ? ನಾಲೆ ಕಡೆಗೆ ಹೋಗಬೇಕಿತ್ತಲ್ಲ ಅಂಕಲ್?"

"ನಾಲೆ ಕಡೆಯಿಂದಲೇ ಅಗೀತಾ ಇದಾನಮ್ಮ. ಅಲ್ಲಿ ನೆಲ ಗಟ್ಟಿ, ಗಾಡಿ ನಿಲ್ಲುತ್ತೆ ಅಂತಾನೆ. ನಾನು ಕೂಗಿದೆ, ಕೇಳಿಸಲಿಲ್ಲ ಅವನಿಗೆ. ಇದು ನೋಡು, ನಡ್ಕೊಂಡು ಬಂತು. ಹಾರಲೇ ಇಲ್ಲ. ತಪ್ಪು ಸ್ಟಾಪಿನಲ್ಲಿ ಇಳಿದವರ ಹಾಗೆ ನಿಂತ್ಕೊಂಡು ಅತ್ತ ಇತ್ತ ನೋಡ್ತಾ ಇದೆ. ನಾವೆಲ್ಲ ನಗೋದು ನಿಲ್ಲಿಸಿ ಕೈ ಮೇಲೆತ್ಕೊಂಡೇ ನಿಂತಿದೀವಿ, ಇಳಿಸಿದ್ರೆ ಹೆದರುತ್ತೇನೋ ಅಂತ. ಏನು ಮಾಡಲಮ್ಮಾ? ಹೇಳು, ಬೇಗ ಹೇಳು."

ಧಾರಿಣಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು.

"ಏನೂ ಮಾಡಬೇಡಿ ಅಂಕಲ್," ಎಂದಳು ಕಡೆಗೆ. "ನಾಯಿಗಳು ಬರದ ಹಾಗೆ ನೋಡ್ಕೊಳ್ಳಿ."

"ಆಯ್ತಮ್ಮ. ನೋಡ್ಕೋತೀವಿ." ನಾಯಿಗಳ ಕಡೆ ನೋಡಿಕೊಳ್ಳಲು ಅವರು ಯಾರಿಗೋ ಪಿಸುಗುಟ್ಟಿದರು. "ಹೊರಟಿತು. ಗುಮ್ಮಟದ ಕಡೆ. ನಡ್ಕೊಂಡೇ ಹೋಗ್ತಾ ಇದೆ... ಆಚೆ ರಿಂಗ್ ರೋಡು ಅಲ್ವೇನಮ್ಮಾ?"

ಅವಳು ಒಳಗೆ ಹೋದಾಗ ಹಿರಿಯ ಅಧಿಕಾರಿ ಇನ್ನೂ ಕಾಯುತ್ತಿದ್ದರು. ರೆಕ್ಕೆ ಇನ್ನೂ ಸ್ವಲ್ಪ ಕೆಂಪಾಗಲಿ ಎಂದು ಅವಳು ಒಪ್ಪಿಕೊಂಡಳು.

ಆ ಸಂಜೆ ಹಂಸಿನಿಗೆ ಹೇಳಿದವನು ಕಾರ್ತಿಕೇಯ. ಅವಳು ಅಳಲಿಲ್ಲ. ಅತ್ತಿದ್ದರೆ ಧಾರಿಣಿಗೆ ಮಾಡಲು ಒಂದು ಕೆಲಸವಾದರೂ ಇರುತ್ತಿತ್ತು. ಫೆಬ್ರುವರಿಯಲ್ಲಿ ಗಣಿತ ಪರೀಕ್ಷೆಯ ಬೆಳಿಗ್ಗೆ ಮಾತ್ರ, "ಒಂದ್ಸಲ ಆ ಕಡೆಯಿಂದ ಹೋಗೋಣ" ಎಂದಳು. ಇಬ್ಬರೂ ತಗಡಿನ ಬೇಲಿಯ ಹೊರಗೆ ಸ್ವಲ್ಪ ಹೊತ್ತು ನಿಂತರು. ಒಳಗೆ ಯಾರೋ ಕಬ್ಬಿಣ ಕತ್ತರಿಸುತ್ತಿದ್ದರು. "ಚಲೋ ಅಮ್ಮಾ, ಲೇಟಾಗುತ್ತೆ" ಎಂದವಳು ಹಂಸಿನಿಯೇ. ಆ ಪರೀಕ್ಷೆಯಲ್ಲಿ ಅವಳಿಗೆ ಎಂದೂ ಬಾರದಷ್ಟು ಒಳ್ಳೆಯ ಅಂಕ ಬಂತು. ತಿಪಟೂರಿನಿಂದ ಫೋನಿನಲ್ಲಿ ವಿಮಲಾ, "ನೋಡಿದ್ಯಾ, ಕೆಂಬೂತ ನೋಡಿ ಹೋಗಿದ್ಲು ಅನ್ಸುತ್ತೆ!" ಎಂದರು. ಧಾರಿಣಿ ಹೂಂ ಎಂದಳು.

ಏಪ್ರಿಲಿನಲ್ಲಿ ಉದ್ಘಾಟನೆಯಾಯಿತು. ಕಟ್ಟಡ ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಮಣ್ಣಿನ ಗೋಡೆಗೆ ಮಧ್ಯಾಹ್ನದ ಬಿಸಿಲು ಬಿದ್ದರೂ ಒಳಗೆ ತಂಪು. ಮಾಡಿನ ಮೇಲೆ ಬಿದ್ದ ನೀರು ಹನಿಯೂ ಪೋಲಾಗದಂತೆ ನೆಲಕ್ಕಿಳಿಯುವ ಏರ್ಪಾಡು. ಬಸ್ಸು ತಿರುಗುವ ಸುತ್ತಿಗೂ ಅವಳು ಸಿಮೆಂಟು ಹಾಕಿಸಿರಲಿಲ್ಲ. ನೀರು ಇಂಗುವ ಇಟ್ಟಿಗೆ ಹಾಸಿದ್ದಳು. ನಡುವಿನ ದುಂಡನೆಯ ಜಾಗದಲ್ಲಿ ಉಳಿಸಿದ್ದ ಪೊದೆಯ ತುಣುಕು ಬೇರಿಗೆ ಪೆಟ್ಟಾಗಿ ಒಣಗಿತ್ತು. ಉದ್ಘಾಟನೆಗೆ ಚೆನ್ನಾಗಿರಲಿ ಎಂದು ಯಾರೋ ಅದನ್ನು ಕಿತ್ತು ಚೆಂಡುಹೂವಿನ ಕುಂಡಗಳನ್ನಿಟ್ಟಿದ್ದರು.

ಶಾಲೆಯ ಹಳದಿ ಬಸ್ಸು ಗೇಟಿನ ಒಳಗೆ ಬಂತು. ಮಕ್ಕಳನ್ನು ಇಳಿಸಿತು. ಒಂದಡಿಯೂ ಹಿಂದಕ್ಕೆ ಸರಿಯದೆ, ಒಂದೇ ಸುತ್ತಿನಲ್ಲಿ, ಕುಂಡಗಳಿಗೆ ಸೋಕದ ಹಾಗೆ ತಿರುಗಿ ನಿಂತಿತು. ಡ್ರೈವರ್ ಭಯ್ಯಾ ಕಿಟಕಿಯಿಂದ ತಲೆ ಹಾಕಿ, "ವಾಹ್ ಮೇಡಂ, ಇಂಥ ಜಾಗ ಎಲ್ಲೂ ಇಲ್ಲ!" ಎಂದು ಕೈಯೆತ್ತಿದ. ಸರಳಾ ಮಗನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದವಳು ಧಾರಿಣಿಯ ಕಡೆ ನೋಡಿ ಕಣ್ಣೊರೆಸಿಕೊಂಡಳು. ಮಾಥುರ್ ಮೇಡಂ ಕೈ ಹಿಡಿದು ಅಲುಗಿಸಿದರು. ಚಂದ್ರಕಾಂತ ಮಾತ್ರ ದೂರದಲ್ಲಿ ನಿಂತು, ಚೆಂಡುಹೂವಿನ ಕುಂಡಗಳನ್ನೇ ನೋಡುತ್ತಾ, ತಣ್ಣಗಾದ ಸಮೋಸಾ ತಿನ್ನುತ್ತಿದ್ದರು.

ಮಕ್ಕಳು ಗದ್ದಲ ಮಾಡುತ್ತಾ ಪಡಸಾಲೆಗೆ ನುಗ್ಗಿ ಗೋಡೆಯ ಸೀಳುಗಳಿಗೆ ಕಣ್ಣಿಟ್ಟರು. ಎತ್ತರ ಸರಿಯಾಗಿತ್ತು. ಯಾವ ಮಗುವೂ ತುದಿಗಾಲಲ್ಲಿ ನಿಲ್ಲಬೇಕಾಗಲಿಲ್ಲ.

"ಏನು ಕಾಣ್ತಾ ಇದೆ ಮಕ್ಕಳೇ?" ಎಂದು ಟೀಚರು ಹಿಂದಿಯಲ್ಲಿ ಕೇಳಿದರು.

"ಬಸ್!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. "ಹಮಾರೀ ಬಸ್!" ದೊಡ್ಡವರೆಲ್ಲ ನಕ್ಕರು. ಎರಡು ನಿಮಿಷಕ್ಕೆ ಮಕ್ಕಳಿಗೆ ಸಾಕಾಯಿತು. ಫಲಕಗಳ ಕಡೆ, ಆಮೇಲೆ ತಿಂಡಿಯ ಕಡೆ ಹರಿದುಹೋದರು.

ಹಂಸಿನಿ ಕೊನೆಯ ಸೀಳಿನ ಹತ್ತಿರ ನಿಂತೇ ಇದ್ದಳು. ವರ್ಷದಲ್ಲಿ ಬೆಳೆದಿದ್ದಳು, ಸ್ವಲ್ಪ ಬಗ್ಗಿ ನೋಡಬೇಕಾಗಿತ್ತು. ಧಾರಿಣಿ ಹೋಗಿ ಪಕ್ಕದ ಸೀಳಿನ ಮುಂದೆ ಮಂಡಿಯೂರಿ ಕೂತಳು. ಆಚೆ ಕೆಂಪು ಇಟ್ಟಿಗೆಯ ಸುತ್ತು, ಕುಂಡಗಳು, ಬಸ್ಸಿನ ಚಕ್ರ, ಚಕ್ರದ ನೆರಳಿನಲ್ಲಿ ಮಲಗಿದ ಬೀದಿನಾಯಿ. ಹಂಸಿನಿ ತುಟಿ ಬಿಗಿಹಿಡಿದು ನೋಡುತ್ತಿದ್ದಳು. ಧಾರಿಣಿಗೆ ತಡವಾಗಿ ಹೊಳೆಯಿತು. ಮಗಳು ಆಟವಾಡುತ್ತಿದ್ದಾಳೆ. ಮಾತಾಡಬಾರದು. ಬರುವ ತನಕ.

ಅವಳೂ ಬಾಯಿ ಮುಚ್ಚಿ ಕೂತಳು. ಹಿಂದೆ ಯಾರೋ ಮೈಕಿನಲ್ಲಿ ಧನ್ಯವಾದ ಹೇಳುತ್ತಿದ್ದರು, ಅವಳ ಹೆಸರೂ ಬಂತು, ಚಪ್ಪಾಳೆಯೂ ಆಯಿತು. ಅವಳು ತಿರುಗಲಿಲ್ಲ. ಮೊಣಕಾಲು ಜೋಮು ಹಿಡಿಯತೊಡಗಿತು. ಮಗಳ ಉಸಿರು ಮೆಲ್ಲಗೆ, ಸಿಳ್ಳೆಯಿಲ್ಲದೆ, ಬಂದು ಹೋಗುವುದು ಕೇಳುತ್ತಿತ್ತು. ಬಸ್ಸಿನ ಹಾರನ್ ಕೇಳಿಸಿತು. ಮಕ್ಕಳು ಸಾಲುಗಟ್ಟಿದರು. ಹಂಸಿನಿ ಕದಲಲಿಲ್ಲ.

"ನಡಿ ಪುಟ್ಟಾ," ಎಂದಳು ಧಾರಿಣಿ. "ಬಸ್ಸಿಗೆ ಹೊತ್ತಾಯಿತು."

ಹಂಸಿನಿ ಸೀಳಿನಿಂದ ಮುಖ ತೆಗೆದಳು. ಹಣೆಯ ಮೇಲೆ ಮಣ್ಣಿನ ಗುರುತು ಮೂಡಿತ್ತು.

"ನೀನು ಸೋತೆ ಅಮ್ಮಾ," ಎಂದಳು. "ಸಂಡೇ ಬಾಟಲ್ ನೀನೇ ಹೊರಬೇಕು."

"ಹೊರ್ತೀನಿ."

ಭಾನುವಾರ ಇನ್ನು ಹೋಗುವುದು ಯಾವ ಕಡೆಗೆ ಎಂದು ಮಗಳು ಕೇಳಲಿಲ್ಲ. ಓಡಿಹೋಗಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಆಗಲೇ ಹೊರಗೆ ಮುಖಮಾಡಿ ನಿಂತಿದ್ದ ಬಸ್ಸು ಸೀದಾ ಮುಂದಕ್ಕೆ ಹೊರಟು ಗೇಟು ದಾಟಿತು.